ಚಿತ್ತಾರಕ್ಕೊಂದು ವಿಳಾಸ

ನನ್ನ ಅತ್ತಿಗೆಯ ಮೊಬೈಲಿನ ಗಾಜಿನ ಮೇಲೆ ಯಾವಾಗ ನೋಡಿದರೂ ಒಂದು ಕೆಂಪು ಬೆರಳಚ್ಚು ಇರುತ್ತದೆ. ಕೆಮ್ಮಣ್ಣು ಕಲಸುವ ಹೊತ್ತಿಗೇ ಫೋನು ಬಡಿದುಕೊಳ್ಳುತ್ತದೆ, ಕೈ ತೊಳೆದು ಬರುವಷ್ಟು ವ್ಯವಧಾನ ಕರೆ ಮಾಡಿದವರಿಗೆ ಇರುವುದಿಲ್ಲ, ಸೆರಗಿನಲ್ಲಿ ಅರ್ಧಂಬರ್ಧ ಒರೆಸಿಕೊಂಡ ಬೆರಳಿನಿಂದಲೇ ಆಕೆ ಗಾಜನ್ನು ಸವರಿ ‘ಹಲೋ’ ಎನ್ನುತ್ತಾಳೆ. ಸಾಗರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ನಾನು ಭಾನುವಾರ ಹೊಸನಗರದ ದಾರಿಯಲ್ಲಿರುವ ತವರಿಗೆ ಹೋದಾಗ ಮೊದಲು ಮಾಡುವ ಕೆಲಸವೆಂದರೆ ಒದ್ದೆ ಬಟ್ಟೆಯಿಂದ ಆ ಗಾಜನ್ನು ಒರೆಸುವುದು. ಮೊದಲೆಲ್ಲ ನಗುತ್ತ ಒರೆಸುತ್ತಿದ್ದೆ. ಈಗೀಗ ಒರೆಸುವಾಗ ಸಿಟ್ಟು ಬರುತ್ತದೆ. ಆ ಸಿಟ್ಟು ಯಾರ ಮೇಲೆ ಎಂದು ಹೇಳಬೇಕಾದರೆ ಸ್ವಲ್ಪ ಸುತ್ತು ಹಾಕಿಕೊಂಡು ಬರಬೇಕು. ಪುರುಸೊತ್ತಿದ್ದರೆ ನೀವೂ ಜೊತೆಗೆ ಬನ್ನಿ.

ನಮ್ಮ ದೀವರ ಮನೆಗಳಲ್ಲಿ ಮದುವೆ ನಿಶ್ಚಯವಾಯಿತೆಂದರೆ ಚಪ್ಪರಕ್ಕಿಂತ ಮೊದಲು ನೆನಪಾಗುವುದು ಹಸೆಗೋಡೆ. ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದು ಆರಿದ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿನಾರಿನ ಕುಂಚವದ್ದಿ ಎಳೆಯ ಪಕ್ಕ ಎಳೆ ಎಳೆಯುತ್ತ ಹೋಗುವ ಹೆಂಗಸಿಗೆ ಚಿತ್ತಾರಗಿತ್ತಿ ಎನ್ನುತ್ತೇವೆ. ಅತ್ತಿಗೆ ಅಂಥವಳು. ನಮ್ಮಲ್ಲಿ ಚಿತ್ತಾರವನ್ನು ಬಿಡಿಸುವುದಿಲ್ಲ, ಬರೆಯುತ್ತೇವೆ. ಬರೆದವಳು ಮಾತ್ರ ಎಲ್ಲಿಯೂ ತನ್ನ ಹೆಸರನ್ನು ಬರೆಯುವುದಿಲ್ಲ. ಸುತ್ತಲ ನಾಕೂರಿನ ಹೆಂಗಸರಿಗೆ ಎಳೆ ನೋಡಿದ ಕೂಡಲೇ ಇದು ಯಾರ ಕೈ ಎಂದು ತಿಳಿಯುತ್ತಿರುವಾಗ ಹೆಸರಿನ ಹಂಗಾದರೂ ಯಾಕೆ? ಒಮ್ಮೆ ನಾನು ಓದಿದವಳ ಗತ್ತಿನಲ್ಲಿ, ಮೂಲೆಯಲ್ಲಿ ಒಂದು ಸಹಿಯಾದರೂ ಇರಲಿ ಎಂದಿದ್ದಕ್ಕೆ ಅತ್ತಿಗೆ ಕುಂಚ ಎತ್ತದೆಯೇ ಕೇಳಿದ್ದಳು: “ಅನ್ನ ಬಡ್ಸುವಾಗ ಬಾಳೆ ಮೇಲೆ ಹೆಸ್ರು ಬರೀತಾರನೇ?”

ಹೆಗ್ಗೋಡಿಗೆ ನಾಟಕ ನೋಡಲು ಬಂದವರು, ಸಿಗಂದೂರಿನ ದೇವಿಯ ದರ್ಶನ ಮುಗಿಸಿ ಮರಳುವವರು ಅಲ್ಲಿ ಇಲ್ಲಿ ಈ ಚಿತ್ತಾರಗಳನ್ನು ಕಂಡು, ಕಾಗದದ ಮೇಲೆ ಬರೆದು ಕೊಡುತ್ತೀರಾ, ಎಲ್ಲಿ ಸಿಗುತ್ತದೆ, ವೆಬ್‌ಸೈಟ್ ಇದೆಯಾ ಎಂದು ವಿಚಾರಿಸತೊಡಗಿದಾಗ ಅತ್ತಿಗೆಯೂ ಕೇರಿಯ ಇನ್ನು ನಾಲ್ವರು ಹೆಂಗಸರೂ ಕೂಡಿ ಒಂದು ಜಾಲತಾಣ ಮಾಡಿಸುವುದೆಂದು ತೀರ್ಮಾನವಾಯಿತು. ಸಾಗರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದ ನಡುವಯಸ್ಸಿನವರೊಬ್ಬರನ್ನು ನಾನೇ ಕರೆದುಕೊಂಡು ಹೋದೆ. ಸಜ್ಜನರು. ಜಗುಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, ಐದು ಜನ ಹೆಂಗಸರಿಗೆ ತಿಳಿಯುವ ಹಾಗೆ ಒಂದೊಂದನ್ನೂ ಬಿಡಿಸಿ ಹೇಳಿದರು.

“ಎಚ್‌ಟಿಎಮ್‌ಎಲ್ ಅಂದ್ರೆ ನೀವು ಎಳೀತೀರಲ್ಲ, ಆ ಬಿಳಿ ಎಳೆ ಇದ್ದಂಗೆ. ಎಲ್ಲಿ ತಲೆಬರಹ, ಎಲ್ಲಿ ಫೋಟೋ, ಎಲ್ಲಿ ವಿವರ ಅಂತ ಗೆರೆ ಹಾಕಿ ಕೊಡ್ತದೆ. ಬಣ್ಣ ಯಾವ್ದು, ಅಕ್ಷರ ಎಷ್ಟು ದಪ್ಪ, ನಡುವೆ ಜಾಗ ಎಷ್ಟು ಅಂತ ಹೇಳೋದು ಸಿಎಸ್‌ಎಸ್. ಮುಟ್ಟಿದ್ರೆ ಫೋಟೋ ದೊಡ್ಡದಾಗ್ತದಲ್ಲ, ಆ ಜೀವ ಬರೋದು ಜಾವಾಸ್ಕ್ರಿಪ್ಟಿಂದ.” ಯಾರು ಏನು ತರಿಸಿದರು, ಯಾವ ಚಿತ್ರ ಮುಗಿಯಿತು ಎಂಬುದೆಲ್ಲ ಡೇಟಾಬೇಸ್ ಎಂಬ ಅಟ್ಟದಲ್ಲಿ ಭದ್ರವಾಗಿರುತ್ತದೆ ಎಂದರು. ಇವೆಲ್ಲ ಇರಲಿಕ್ಕೆ ಒಂದು ಗೋಡೆ ಬೇಕು, ಅದು ಎಲ್ಲೋ ದೂರದ ದೊಡ್ಡ ಕಂಪ್ಯೂಟರು, ಅದನ್ನು ಬಾಡಿಗೆಗೆ ಹಿಡಿಯುವುದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ ಎಂದಾಗ ಅತ್ತಿಗೆ, “ಬಾಡಿಗೆ ಗೋಡೆ ಮೇಲೆ ಯಾರಾದ್ರೂ ಹಸೆ ಬರೀತಾರಾ ಮಾರಾಯ್ರೇ!” ಎಂದಳು. ಎಲ್ಲರೂ ನಕ್ಕರು. ಆ ನಗು ಇನ್ನೂ ಮುಗಿಯದಿರುವಾಗಲೇ ಅವರು ಕಾಫಿ ಲೋಟ ಕೆಳಗಿಡುತ್ತ ಕೊನೆಯದೊಂದನ್ನು ಕೇಳಿದರು: “ಮತ್ತೆ ಡೊಮೈನ್ ಅಂತ ಒಂದಿದೆ, ವಿಳಾಸ ಇದ್ದಂಗೆ. ಅದನ್ನ ಯಾರ ಹೆಸ್ರಲ್ಲಿ ಮಾಡ್ಲಿ?”

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳ ಹೆಸರು ಹಾಕಿದರೆ ಉಳಿದ ನಾಲ್ವರನ್ನು ಕೆಳಗೆ ಹಾಕಿದಂತೆ. ಅಂಥದನ್ನು ಅವರು ಜನ್ಮದಲ್ಲಿ ಮಾಡಿದವರಲ್ಲ. “ಯಾರ್ದಾದ್ರೂ ಹಾಕ್ಕಳಿ. ನಿಮ್ದೇ ಹಾಕ್ಕಳಿ. ಹೆಸ್ರು ಕಟ್ಕಂಡು ಎಂಥ ಮಾಡದು!” ಎಂದು ಅತ್ತಿಗೆ ಒಳಗೆ ಎದ್ದು ಹೋದಳು. ಅವರು ತಮ್ಮ ಹೆಸರಿನಲ್ಲೇ, ತಮ್ಮ ಇಮೇಲಿನಲ್ಲೇ ಅದನ್ನು ನೋಂದಾಯಿಸಿದರು. ಇದರಲ್ಲಿ ಮೋಸವೇನೂ ಇರಲಿಲ್ಲ. ಹೇಳಿದ ಹಾಗೆ ಮಾಡಿದ್ದರು, ಅಷ್ಟೆ.

ನಿಮಗೂ ಒಂದು ಜಾಲತಾಣ ಇರಬಹುದು. ಅಂಗಡಿಯದೋ, ಹೋಂಸ್ಟೇಯದೋ, ಊರ ಸಂಘದ್ದೋ. ಅದರ ಮಾಲೀಕರು ನೀವೆಂದು ನೀವು ತಿಳಿದಿದ್ದೀರಿ, ನೆಂಟರಿಷ್ಟರ ಮುಂದೆ ಸ್ವಲ್ಪ ಬೀಗಿಯೂ ಇದ್ದೀರಿ. ಆ ಎಳೆಗಳನ್ನೂ ಬಣ್ಣಗಳನ್ನೂ ಯಾರು ಬೇಕಾದರೂ ತೆರೆದು ನೋಡಬಹುದು, ಚಿತ್ರವನ್ನು ಒತ್ತಿ ಹಿಡಿದು ತಮ್ಮ ಫೋನಿಗೆ ಇಳಿಸಿಕೊಳ್ಳಬಹುದು, ಗೋಡೆ ಇಂದು ಇಲ್ಲಿದ್ದರೆ ನಾಳೆ ಇನ್ನೊಂದು ಕಡೆ. ಇಷ್ಟೆಲ್ಲದರ ನಡುವೆ ನಿಮ್ಮದು ಎಂದು ಗಟ್ಟಿಯಾಗಿ ಹೇಳಿಕೊಳ್ಳಬಹುದಾದದ್ದು ಆ ವಿಳಾಸವೊಂದೇ, ಅದೂ ಅದು ನಿಮ್ಮ ಹೆಸರಿನಲ್ಲಿದ್ದರೆ. ಅದನ್ನು ಹೇಳಿಕೊಡುವ ಹೊತ್ತಿಗೆ ಎಲ್ಲರ ಕಾಫಿಯೂ ಮುಗಿದಿರುತ್ತದೆ.

ಕೆಲವು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು. ಐವರೂ ಬರೆದದ್ದರ ಫೋಟೋಗಳೆಲ್ಲ ತಾಣದಲ್ಲಿ ಸೇರುತ್ತ ಹೋದವು. ಮೊದಲ ಪುಟದಲ್ಲಿ ನೆರೆಮನೆಯ ಮದುವೆಗೆ ಅತ್ತಿಗೆ ಬರೆದ ಹಸೆಯ ಫೋಟೋ ಇತ್ತು. ಆ ಗೋಡೆಯ ಬಲಗಡೆ ಕರೆಂಟಿನ ಸ್ವಿಚ್‌ಬೋರ್ಡು. ಅತ್ತಿಗೆ ಅದನ್ನು ತಪ್ಪಿಸಿ, ಸುತ್ತ ಎಳೆಗಳನ್ನು ಬಳಸಿ ತಂದು, ಹತ್ತಿರದ ಹಕ್ಕಿಯ ಕತ್ತನ್ನು ಕೊಂಚ ಬಾಗಿಸಿ ಜಾಗ ಮಾಡಿಕೊಂಡಿದ್ದಳು. ನೋಡಿದವರು ಆ ಹಕ್ಕಿಯನ್ನೇ ಮೆಚ್ಚುತ್ತಿದ್ದರು. ಆಮೇಲೆ ಸೆಂಟರಿನವರು ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟರು. ಹೊರಡುವಾಗ ತಾವು ನೋಡಿಕೊಳ್ಳುತ್ತಿದ್ದ ತಾಣಗಳನ್ನೆಲ್ಲ ದೂರದ ಯಾವುದೋ ಕಂಪನಿಗೆ ಒಟ್ಟಿಗೆ ವಹಿಸಿಕೊಟ್ಟರು. ಒಂದು ದಿನ ನಮ್ಮ ವಿಳಾಸ ಒತ್ತಿದರೆ ಬೇರೆಯೇ ಅಂಗಡಿ ತೆರೆದುಕೊಂಡಿತು: ದಿಂಬಿನ ಚೀಲ, ಚಹಾದ ಕಪ್ಪು, ಗೋಡೆಗೆ ತೂಗುಹಾಕುವ ಬಟ್ಟೆ, ಎಲ್ಲದರ ಮೇಲೂ ಯಂತ್ರ ಒತ್ತಿದ ಚಿತ್ತಾರ. ಗಾಬರಿಯಿಂದ ಸೆಂಟರಿನವರಿಗೆ ಫೋನು ಮಾಡಿದೆ. “ನನ್ನ ಹೆಸ್ರಲ್ಲಿ ಮಾಡಿ ಅಂತ ನಿಮ್ಮವ್ರೇ ಅಂದಿದ್ದಲ್ವಾ ಮೇಡಂ? ಕೊಡುವಾಗ ಎಲ್ಲದರ ಜೊತೆ ಅದೂ ಹೋಯ್ತು. ಈಗ ನನ್ನ ಕೈಲಿ ಎಂಥದೂ ಇಲ್ಲ,” ಎಂದರು. ದನಿಯಲ್ಲಿ ನಿಜವಾದ ಸಂಕಟವಿತ್ತು. ಆ ಸಂಕಟವನ್ನು ಕಟ್ಟಿಕೊಂಡು ನಾನಾದರೂ ಏನು ಮಾಡಲಿ?

ಮುಂದಿನ ತಿಂಗಳು ತೀರ್ಥಹಳ್ಳಿಯಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶ. ಒಳಗೆ ಕಾಲಿಡುತ್ತಲೇ ಎದುರಿನ ಗೋಡೆಯಲ್ಲಿ ಅತ್ತಿಗೆಯ ಹಸೆ ಬಟ್ಟೆಯಾಗಿ ತೂಗುತ್ತಿತ್ತು. ಅದೇ ಎಳೆ, ಕತ್ತು ಬಾಗಿಸಿದ ಅದೇ ಹಕ್ಕಿ. ಸ್ವಿಚ್‌ಬೋರ್ಡಿಗೆಂದು ಬಿಟ್ಟಿದ್ದ ಚೌಕ ಮಾತ್ರ ಖಾಲಿ ಇರಲಿಲ್ಲ. ಅಲ್ಲಿ ಆ ಕಂಪನಿ ಅಂದವಾಗಿ ತನ್ನ ಹೆಸರನ್ನು ಅಚ್ಚು ಹಾಕಿಕೊಂಡಿತ್ತು. ಮನೆಯೊಡತಿ ಓಡಿ ಬಂದು ಕೈ ಹಿಡಿದುಕೊಂಡರು. “ನಿಮ್ಮ ಅತ್ತಿಗೆಯವ್ರ ಸೈಟಿಂದಾನೇ ತರಿಸಿದ್ದು ಟೀಚರ್. ನೋಡಿದ್ರೆ ನಿಮಗೆ ಖುಷಿ ಆಗ್ತದೆ ಅಂತ ಇಲ್ಲೇ ಹಾಕಿದ್ದೀವಿ.” ಖುಷಿಯಾಯಿತು ಎಂದೆ. ಬಡಿಸಿದ ಹೋಳಿಗೆಯನ್ನೂ ತಿಂದೆ.

ಊರಿಗೆ ಬಂದವಳೇ ಆ ತಾಣದ ‘ಸಂಪರ್ಕಿಸಿ’ ಎಂಬ ಕಿಂಡಿಯಲ್ಲಿ ನಮ್ಮ ಕಥೆಯನ್ನೆಲ್ಲ ತೋಡಿಕೊಂಡೆ. ವಿಳಾಸವನ್ನು ಮರಳಿ ಕೊಡಿ, ಅದಾಗದಿದ್ದರೆ ಅತ್ತಿಗೆಯ ಚಿತ್ರಗಳನ್ನಾದರೂ ತೆಗೆಯಿರಿ ಎಂದು ಬೇಡಿ, ಅತ್ತಿಗೆಯ ನಂಬರು ಕೊಟ್ಟೆ. ಬಹಳ ದಿನ ಉತ್ತರವಿರಲಿಲ್ಲ. ಕಳೆದ ಭಾನುವಾರ ಕರೆ ಬಂದಾಗ ನಾನು ಅಲ್ಲೇ ಇದ್ದೆ. ಐವರು ಹೆಂಗಸರೂ ಇದ್ದರು, ಮುಂದಿನ ವಾರದ ಮದುವೆಗೆ ಅಕ್ಕಿ ನೆನೆಹಾಕಿ ಕೂತಿದ್ದರು. ಅತ್ತಿಗೆ ಎಲ್ಲರಿಗೂ ಕೇಳುವಂತೆ ಫೋನಿನ ದನಿ ಎತ್ತರಿಸಿದಳು.

ಕಂಪನಿಯ ಆ ಮನುಷ್ಯ ಬಹಳ ನಯವಾಗಿ ಮಾತನಾಡಿದರು. ನಿಮ್ಮ ಕೆಲಸ ಅದ್ಭುತ ಎಂದರು. ವಿಳಾಸ ಕಾನೂನಿನ ಪ್ರಕಾರ ತಮ್ಮದೇ ಎಂದು ಅಷ್ಟೇ ನಯವಾಗಿ ತಿಳಿಸಿದರು. “ಆದರೆ ನೀವು ಬೇಜಾರು ಮಾಡ್ಕೋಬೇಡಿ ಮೇಡಂ, ಇನ್ನು ಮುಂದೆ ನಮಗೇ ಹೊಸ ಡಿಸೈನ್ ಬರೆದುಕೊಡಿ. ಕೆಲಸ ಖಾಯಂ ಆಗಿ ಇರುತ್ತೆ. ಒಂದೇ ಒಂದು ಷರತ್ತು. ಚಿತ್ರದ ಮೇಲಾಗಲಿ, ಸೈಟ್‌ನಲ್ಲಾಗಲಿ, ಎಲ್ಲೂ ನಿಮ್ಮ ಹೆಸರು ಹಾಕೋ ಹಾಗಿಲ್ಲ.”

ನಾನು ಅತ್ತಿಗೆಯ ಮುಖ ನೋಡಿದೆ. ಇಡೀ ಆಯುಷ್ಯದಲ್ಲಿ ಒಂದು ಗೋಡೆಯ ಮೇಲೂ ಹೆಸರು ಬರೆಯದವಳು, ಬರೆ ಎಂದವರನ್ನು ನಕ್ಕು ಓಡಿಸಿದವಳು. ಕಷ್ಟವೇನು, ಒಪ್ಪಿಕೊಂಡುಬಿಡುತ್ತಾಳೆ ಎಂದು ನನಗೆ ಭಯವೇ ಆಗಿತ್ತು. ಅವಳ ಮುಖ ಕೆಂಪಾಗಿತ್ತು.

“ಹೆಸ್ರು ಹಾಕದೇ ಇರದು ನಮ್ಮಿಷ್ಟ,” ಎಂದಳು. “ಹಾಕ್ಬ್ಯಾಡಿ ಅನ್ನಕೆ ನೀವು ಯಾರು? ಐದು ಜನಾನೂ ಬರ್ಯದಿಲ್ಲ, ಹೋಗಿ.”

ಹೆಂಗಸರೆಲ್ಲ ನೆಟ್ಟಗೆ ಕೂತರು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು. ಎಲ್ಲೋ ಒಂದು ಕಡೆ ನಾವು ಗೆದ್ದೆವು ಎಂದೇ ಅನಿಸಿತು. ಆ ಕಡೆಯವರು ಸ್ವಲ್ಪವೂ ನೊಂದುಕೊಳ್ಳಲಿಲ್ಲ.

“ಪರವಾಗಿಲ್ಲ ಮೇಡಂ,” ಎಂದರು ಅದೇ ನಯದ ದನಿಯಲ್ಲಿ, “ಇಷ್ಟು ವರ್ಷ ಬರೆದದ್ದೆಲ್ಲ ಹೇಗೂ ನಮ್ಮ ಹತ್ತಿರಾನೇ ಇದೆಯಲ್ಲ.”