ಅತ್ತೆಯ ಬಂಗಡೆ ಸಾರು, ನನ್ನ ಮೂಗು

ಜ್ವರ ಬಿಟ್ಟ ಮೇಲೆ, ಕೋಡಿಬಾಗದ ನಮ್ಮ ಮನೆಯಲ್ಲಿ ಅತ್ತೆ ಮಾಡುತ್ತಿದ್ದ ಬಂಗಡೆ ಸಾರು ನನಗೆ ಸಪ್ಪೆಯೆನಿಸತೊಡಗಿತು. "ನಿಮ್ಮ ಸಾರಿಗೆ ಈಗ ರುಚಿಯೇ ಇಲ್ಲ ಅತ್ತೆ" ಎಂದು ಊಟದ ನಡುವೆಯೇ ಹೇಳಿಬಿಟ್ಟೆ. ಅವರು ಮಸಾಲೆ ಹೆಚ್ಚಿಸಿದರು, ಬೇರೆ ಮೀನಿನವಳ ಹತ್ತಿರ ಬಂಗಡೆ ಕೊಂಡರು. ನಾನು ಆಗಲೂ ತಟ್ಟೆ ದೂಡಿದೆ. ಕೊನೆಗೆ "ನನ್ನ ಕೈಯೇ ಹಾಳಾಯ್ತು" ಎಂದು ಅಡುಗೆ ಬಿಟ್ಟರು.

ಒಂದು ಬೆಳಿಗ್ಗೆ ನನ್ನ ಬೆನ್ನ ಹಿಂದೆಯೇ ಹಾಲು ಸೀದುಹೋದರೂ ನನಗೆ ವಾಸನೆ ಬರಲಿಲ್ಲ. ಗಂಡ ಅಂಕೋಲಾದ ಡಾಕ್ಟರರ ಬಳಿ ಕರೆದೊಯ್ದರು. ಡಾಕ್ಟರು ನನ್ನ ಕಣ್ಣು ಮುಚ್ಚಿಸಿ ಮೂಗಿನ ಕೆಳಗೆ ಕಾಫಿಪುಡಿ ಹಿಡಿದರು. ನನಗೇನೂ ತಿಳಿಯಲಿಲ್ಲ.

"ನಾಲಿಗೆಗೆ ಉಪ್ಪು, ಹುಳಿ, ಸಿಹಿಯಂಥ ಕೆಲವೇ ಗೊತ್ತು. ನಾವು ರುಚಿ ಅನ್ನೋದರಲ್ಲಿ ಬಹುಪಾಲು ಮೂಗಿನದೇ. ಜ್ವರದಿಂದ ನಿಮ್ಮ ಮೂಗು ಕೆಟ್ಟಿದೆ, ನಿಧಾನಕ್ಕೆ ಸರಿಹೋಗಬಹುದು" ಎಂದರು ಡಾಕ್ಟರು.

ಮನೆಗೆ ಬಂದು ಅತ್ತೆಗೆ ಇದನ್ನು ಹೇಳುವಾಗ ನನಗೆ ತಲೆ ಎತ್ತಲಾಗಲಿಲ್ಲ.

"ಹಂಗಾರೆ ನನ್ನ ಕೈ ಹಾಳಾಗ್ಲಿಲ್ಲ?" ಎಂದು ಮತ್ತೆ ಮತ್ತೆ ಕೇಳಿದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದು ಅವರೇ ಸಾರು ಮಾಡಿದರು. ಉಪ್ಪು, ಹುಳಿ ಬಿಟ್ಟು ಬೇರೇನೂ ತಿಳಿಯದಿದ್ದರೂ "ಬಹಳ ಚೆನ್ನಾಗಿದೆ" ಎಂದೆ.

"ಸುಳ್ ಹೇಳ್ಬೇಡ ತಂಗಿ" ಎಂದರು ಅತ್ತೆ, ಇನ್ನೊಂದು ತುಂಡು ಬಡಿಸುತ್ತ. "ಮೂಗು ಸರಿಯಾದ್ಮೇಲೆ ಹೇಳು."