ಅಂಬುಬಾಯಿಯವರು ಕಲಿಸಿದ ಹೂಂ

ಅಂಬುಬಾಯಿಯವರು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಹೈದರಾಬಾದಿನ ಅರ್ಧ ಊರಿನ ಮಾತನ್ನು ಜೋಡಿಸಿದವರು. ಕೇಳುವವರು ನಡುನಡುವೆ ಹೂಂ ಅನ್ನದಿದ್ದರೆ ಹೇಳುವವರ ಉಮೇದೇ ಹೋಗುತ್ತದೆ ಎಂಬುದು ಆ ನೌಕರಿ ಕಲಿಸಿದ ಪಾಠ. ನಾರಾಯಣಗೂಡದ ಮನೆಯಲ್ಲಿ ಮೊಮ್ಮಗಳು ಭಕ್ತಿಗೆ ಕತೆ ಹೇಳುವಾಗಲೂ ಅದೇ ಕಾನೂನು: ಕತೆ ಮುಗಿಯುವ ತನಕ ಹೂಂ ಅನ್ನಬೇಕು, ನಡುವೆ ಬಾಯಿ ಹಾಕಬಾರದು.

ಜೂನಿನಲ್ಲಿ ಮಗ ಅಮೋಲ್, ಸೊಸೆ ಸಂಪದಾ ಆಫೀಸಿಗೆ ಹತ್ತಿರವೆಂದು ಊರಿನ ಇನ್ನೊಂದು ತುದಿಯ ಕೊಂಡಾಪುರಕ್ಕೆ ಮನೆ ಬದಲಿಸಿದರು. ಅಜ್ಜಿ ನಾರಾಯಣಗೂಡದಲ್ಲೇ ಉಳಿದರು; ಅವರ ಜಾಗಕ್ಕೆ ಒಂದು ಟ್ಯಾಬ್ ಬಂತು. ಅದರಲ್ಲಿರುವ ಎಐ ಗೆಳತಿ ಕನ್ನಡದಲ್ಲೇ ಪುಸ್ತಕ ಓದುತ್ತಾಳೆ, ನಡುನಡುವೆ ಪ್ರಶ್ನೆ ಕೇಳುತ್ತಾಳೆ, ವಾರಕ್ಕೊಮ್ಮೆ ತಾಯಿತಂದೆಗೆ ವರದಿ ಕಳಿಸುತ್ತಾಳೆ. ಮೂರು ವಾರದ ವರದಿಯೂ ಒಂದೇ: ಮಗು ಯಾವ ಪ್ರಶ್ನೆಗೂ ಉತ್ತರ ಕೊಟ್ಟಿಲ್ಲ. ನಾಲ್ಕು ವರ್ಷದ ಭಕ್ತಿಗೆ ಮೊದಲೇ ಮಾತು ಕಡಿಮೆ. ಹೊಸ ಶಾಲೆಯ ತೆಲುಗು ಮಕ್ಕಳ ನಡುವೆ ಇನ್ನೂ ಮುದುಡಿದ್ದಳು. ಮಗುವಿಗೆ ಏನೋ ತೊಂದರೆಯಿದೆ ಎಂದು ಸಂಪದಾ ಹೆದರಿದಳು. ಸೋಮವಾರ ಡಾಕ್ಟರ ಹತ್ತಿರ ಹೋಗುವುದೆಂದು ಗೊತ್ತುಮಾಡಿ, ಅತ್ತೆಗೆ ಫೋನ್ ಮಾಡಿ ಅತ್ತಳು.

ಭಾನುವಾರ ಬೆಳಿಗ್ಗೆಯೇ ಅಂಬುಬಾಯಿ ಬಂದರು. ದಾರಿಯುದ್ದಕ್ಕೂ ಅವರ ಜೀವದಲ್ಲಿ ಜೀವವಿರಲಿಲ್ಲ. ಚಹಾ ಕೂಡ ಮುಟ್ಟದೆ ಮೊಮ್ಮಗಳ ಬದಿಗೆ ಕೂತರು.

"ಆನೆ ಕೆರೆಗೆ ಹೋಯಿತು," ಅಂದಿತು ಟ್ಯಾಬ್.

"ಹೂಂ," ಅಂದಳು ಭಕ್ತಿ.

"ಆನೆ ಯಾಕೆ ಹೋಯಿತು, ಹೇಳು ಪುಟ್ಟಿ?"

"ಹೂಂ."

"ಯಾಕವಾ, ಉತ್ತರಾ ಯಾಕ ಕೊಡವಲ್ಲಿ?" ಅಜ್ಜಿ ಕೇಳಿದರು.

ಭಕ್ತಿ ಪಿಸುಗುಟ್ಟಿದಳು: "ನಡುವ ಬಾಯಿ ಹಾಕಬಾರದಂತ ನೀನ ಹೇಳಿದ್ದಿಲ್ಲೇನ ಅಜ್ಜಿ? ಅಕೀ ಕತಿ ಇನ್ನೂ ಮುಗದಿಲ್ಲ."

ಅಂಬುಬಾಯಿಯವರಿಗೆ ಹೋದ ಜೀವ ಬಂದಂತಾಯಿತು. ನಗುವೂ ಬಂತು, ಸಿಟ್ಟೂ ಬಂತು. ಮಗುವಿನ ಮುಖ ನೋಡುವುದು ಬಿಟ್ಟು ವರದಿ ಓದುತ್ತ ಕೂತರೆ ಇನ್ನೇನಾದೀತು! ಅವರು ಟ್ಯಾಬಿನತ್ತ ಬಗ್ಗಿ ಹಳೆಯ ನೌಕರಿಯ ದನಿ ತೆಗೆದರು: "ನೋಡವಾ, ಮೊದಲ ಪೂರಾ ಕತಿ ಹೇಳಿ ಮುಗಸು. ಆಮ್ಯಾಲೆ ಕೇಳು."

"ಆಗಲಿ ಅಜ್ಜಿ," ಅಂದಿತು ಅದು, ಮರ್ಯಾದೆಯಿಂದ.

ಕತೆ ಮುಗಿಯಿತು. ಪ್ರಶ್ನೆ ಬಂತು. ಭಕ್ತಿ ಬಾಯಿ ಬಿಟ್ಟಳು ನೋಡಿ! ಆನೆಗೆ ನೀರಡಿಕೆಯಾಗಿತ್ತು, ಕೆರೆಯಲ್ಲಿ ಅದರ ಮಾವ ಇದ್ದ, ಮಾವ ಮೆಟ್ರೋ ಹತ್ತಿ ಮಿಯಾಪುರಕ್ಕೆ ಹೊರಟಿದ್ದ. ಪುಸ್ತಕದಲ್ಲಿ ಇಲ್ಲದ್ದೂ ಸಾಲುಸಾಲಾಗಿ ಹೊರಬಂತು. ಅಡುಗೆಮನೆಯಿಂದ ಸಂಪದಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

ಭಕ್ತಿ ತಟ್ಟನೆ ಮಾತು ನಿಲ್ಲಿಸಿ ಟ್ಯಾಬನ್ನು ದುರುಗುಟ್ಟಿ ನೋಡಿದಳು. "ಹೂಂ ಅನ್ನು. ಇಲ್ಲಂದ್ರ ನಾ ಮುಂದ ಹೇಳಂಗಿಲ್ಲ."

"ಹೂಂ," ಅಂದಿತು ಟ್ಯಾಬ್.

ಸಂಪದಾ ಮೊಳಕೈಯಿಂದ ಕಣ್ಣೊರೆಸಿಕೊಂಡು, ಡಾಕ್ಟರಿಗೆ ಬರುವುದಿಲ್ಲವೆಂದು ಹೇಳಲು ಫೋನ್ ಹುಡುಕಿದಳು.