ಕೆಂಪು ಹಿಡಿಕೆಗೆ ಕಟ್ಟಿದ ಹೂ

ನನ್ನ ಗಂಡ ತೀರಿಕೊಂಡದ್ದು ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿ. ಅಂಕೋಲೆಯ ನಮ್ಮ ಕೇರಿಯಲ್ಲಿ ಯಾರೂ ಅದನ್ನು ಹೀಗೆ ಹೇಳುವುದಿಲ್ಲ. ಸಮುದ್ರಕ್ಕೆ ಹೋದವನು ಬರಲಿಲ್ಲ ಎನ್ನುತ್ತಾರೆ. ನನ್ನವರು ಬಂದರು. ದೋಣಿಯಲ್ಲೇ ಮಲಗಿಸಿ ತಂದರು. ಹಗ್ಗ ಸುತ್ತುವ ಉರುಳೆ ಅಂಗಿಯ ತೋಳನ್ನು ಹಿಡಿದಿತ್ತು, ತೋಳಿನ ಜೊತೆ ಕೈ ಹೋಗಿತ್ತು, ಆಮೇಲೆ ಎದೆ.

ದೋಣಿ ನನ್ನ ಭಾವನವರದು. ಗಂಡನ ಅಣ್ಣ ಅವರು, ದೋಣಿ ನಡೆಸುವ ತಾಂಡೇಲರೂ ಅವರೇ. ಆ ಹೊತ್ತು ಪಕ್ಕದಲ್ಲಿದ್ದವನು ಗಂಡನ ಜೊತೆಗಾರ. ಯಂತ್ರ ನಿಲ್ಲಿಸುವ ಕೆಂಪು ಹಿಡಿಕೆಯನ್ನು ಎಳೆದವನು ಅವನೇ. ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಬಂದು ಜಗಲಿಯ ತುದಿಯಲ್ಲಿ ಕುಳಿತ.

"ಹಿಡಿಕೆ ಇಳೀಲಿಲ್ಲ ವೈನಿ. ದಾರ ಇತ್ತು."

ಯಾವ ದಾರವೆಂದು ನನಗೆ ಗೊತ್ತಿತ್ತು. ಮಳೆಗಾಲ ಮುಗಿದು ದೋಣಿಯನ್ನು ನೀರಿಗಿಳಿಸುವ ದಿನ ಯಂತ್ರಕ್ಕೂ ಪೂಜೆಯಾಗುತ್ತದೆ. ಅಬ್ಬಲಿಗೆ ಮಾಲೆ ಕಟ್ಟಲು ಯಂತ್ರದಲ್ಲಿ ಹೊರಗೆ ಚಾಚಿಕೊಂಡಿರುವುದು ಆ ಹಿಡಿಕೆಯೊಂದೇ. ಬಾಳೆನಾರು ಸಮುದ್ರದ ಗಾಳಿಗೆ ತಡೆಯುವುದಿಲ್ಲವೆಂದು ಬಲೆ ಹೆಣೆಯುವ ನೈಲಾನ್ ದಾರದಲ್ಲಿ ಕಟ್ಟುತ್ತಾರೆ. ಬಲೆಯ ಗಂಟು ಜಾರುವುದಿಲ್ಲ. ದೇವರ ಹೂವನ್ನು ಕೈಯಾರೆ ಬಿಚ್ಚಬಾರದು, ತಾನಾಗಿ ಉದುರಬೇಕು. ಹೂ ಉದುರಿತ್ತು. ದಾರ ಉಳಿದು ಹಿಡಿಕೆಯನ್ನು ಚೌಕಟ್ಟಿಗೆ ಬಿಗಿದಿತ್ತು. ಕಟ್ಟಿದವರು ಭಾವ.

ಮುಂದಿನ ಮಳೆಗಾಲದಲ್ಲಿ ಕಾರವಾರದ ಒಂದು ಸಣ್ಣ ಕಾರ್ಖಾನೆಯವರು ಹೊಸ ಯಂತ್ರ ಮಾಡಲು ಹೊರಟರು. ಮೊದಲನೆಯದು ಭಾವನವರ ದೋಣಿಗೆಂದು ಮಾತಾಯಿತು. ಗಂಡ ನಿಲ್ಲುತ್ತಿದ್ದ ಜಾಗದಲ್ಲಿ ಇನ್ನು ನಿಲ್ಲುವವನು ಆ ಜೊತೆಗಾರ. ಯಂತ್ರದ ವಿನ್ಯಾಸ ಮಾಡುವ ಹುಡುಗಿ ನಮ್ಮನ್ನು ನೋಡಲು ಬಂದವಳು ನನ್ನನ್ನೂ ಕರೆದಳು. ಮನೆಯವರಿಗೆ ಗೊತ್ತಿರುವುದು ಕೆಲಸದವರ ಬಾಯಲ್ಲಿ ಬರುವುದಿಲ್ಲ ಎಂದಳು. ಭಾವ, ಜೊತೆಗಾರ, ನಾನು ಮೂವರೂ ಬಸ್ಸಿನಲ್ಲಿ ಕಾರ್ಖಾನೆಗೆ ಹೋದೆವು.

ಅಲ್ಲಿ ಯಂತ್ರ ಇರಲಿಲ್ಲ. ಅದರ ಅಳತೆಗೆ ಸರಿಯಾಗಿ ಪ್ಲೈವುಡ್ಡಿನಲ್ಲಿ ಮಾಡಿದ ಒಂದು ರೂಪವಿತ್ತು. ಮೊದಲೆಲ್ಲ ಯಂತ್ರ ಮಾಡಿ ಮಾರುತ್ತಿದ್ದರಂತೆ, ತೊಂದರೆ ಬಂದ ಮೇಲೆ ಸರಿಮಾಡುತ್ತಿದ್ದರಂತೆ. ಈಗ ಕಂಪ್ಯೂಟರಿನಲ್ಲಿ ಬರೆದು, ಅಲ್ಲೇ ಭಾರ ಹಾಕಿ ಎಲ್ಲಿ ಮುರಿಯುತ್ತದೆಂದು ನೋಡಿ, ಮರದಲ್ಲಿ ಮಾಡಿ, ಬಳಸುವವರ ಕೈಗೆ ಕೊಟ್ಟು, ಮತ್ತೆ ಬದಲಿಸಿ, ಕೊನೆಗೆ ಕಬ್ಬಿಣಕ್ಕೆ ಹೋಗುತ್ತಾರೆ.

"ಚಂದ ಅದೆ ಅಂತ ಹೇಳೂಕೆ ಕರೀಲಿಲ್ಲ ಕಾಕಾ," ಎಂದಳು ಹುಡುಗಿ. "ಎಲ್ಲಿ ತಪ್ಪಿದೆ ಹೇಳಿ."

"ತಪ್ಪು ಎಂತ ಇಲ್ಲ," ಎಂದರು ಭಾವ.

"ನಮ್ಮ ದೋಣಿಕಿಂತ ಇದೇ ಚಂದ ಅದೆ. ಇದ್ನೇ ನೀರಿಗೆ ಬಿಡ್ವಾ," ಎಂದ ಜೊತೆಗಾರ.

"ಬಿಡ್ವಾ. ಮೊದ್ಲು ನೀ ಹತ್ತು. ಮುಳುಗಿದ್ರೆ ಹೇಳು," ಎಂದರು ಭಾವ.

ಇಬ್ಬರೂ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರು. ಅಂಗಿಯ ತೋಳು ಮಡಚಿಕೊಂಡು, ಒಬ್ಬರಿಗೊಬ್ಬರು ಹೇಳಿಕೊಂಡು, ಒಂದೊಂದೇ ಹಿಡಿಕೆ ಮುಟ್ಟಿದರು. ದೋಣಿಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ನೆಂಟರ ಮನೆಯಲ್ಲಿ ಉಣ್ಣುವವರ ಹಾಗಿದ್ದರು. ಹುಡುಗಿಗೂ ಅದು ತಿಳಿಯಿತೆಂದು ಕಾಣುತ್ತದೆ.

"ಹೀಗೆ ಬೇಡ. ನೀರಿಗಿಳಿಸೋ ದಿನ ಮೊದ್ಲು ಎಂತ ಮಾಡ್ತೀರಿ, ಅಲ್ಲಿಂದ ಮಾಡಿ ತೋರ್ಸಿ."

"ಪೂಜೆ ಮಾಡ್ತೇವೆ," ಎಂದರು ಭಾವ. "ಅದು ಯಂತ್ರದ ಲೆಕ್ಕ ಅಲ್ಲ."

ಅವಳು ಸರಿ ಎಂದು ಬೇರೆ ಕಡೆ ತಿರುಗಿದಳು. ಆ ಮರದ ರೂಪದಲ್ಲೂ ಕೆಂಪು ಹಿಡಿಕೆ ಹೊರಗೆ ಚಾಚಿಕೊಂಡೇ ಇತ್ತು.

"ಹೂ ಎಲ್ಲಿ ಕಟ್ತಾರೆ ಕೇಳು ತಂಗಿ," ಎಂದೆ.

"ನೀ ಸುಮ್ನಿರು," ಎಂದರು ಭಾವ.

"ಇವ ಇನ್ನು ಅಲ್ಲೇ ನಿಲ್ತಾನಲ್ಲಾ ಭಾವಾ."

"ದೇವರ ಹೂವಿಗೆ ದೋಷ ಹಚ್ತೀಯಾ?"

ಜೊತೆಗಾರ ನೆಲ ನೋಡುತ್ತ ನಿಂತಿದ್ದ. ಆಮೇಲೆ ಕಿಸೆಯಿಂದ ದಾರದ ತುಂಡೊಂದನ್ನು ತೆಗೆದ, ಬಲೆ ಕಟ್ಟುವವರ ಕಿಸೆಯಲ್ಲಿ ಅದು ಯಾವಾಗಲೂ ಇರುತ್ತದೆ. ಹಿಡಿಕೆಯನ್ನೂ ಚೌಕಟ್ಟನ್ನೂ ಸೇರಿಸಿ ಸುತ್ತಿ ಗಂಟು ಹಾಕಿದ. ಹುಡುಗಿ ಹಿಡಿಕೆ ಎಳೆದಳು. ಮೈಭಾರ ಬಿಟ್ಟು ಜೋತುಬಿದ್ದಳು. ಪ್ಲೈವುಡ್ಡು ಕಿರುಗುಟ್ಟಿತು, ಹಿಡಿಕೆ ಇಳಿಯಲಿಲ್ಲ. ಅವಳು ಕೈಬಿಟ್ಟು ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು.

ಭಾವ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ವಾಪಸು ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತರು. ಅಂದಿನಿಂದ ಅವರ ಮನೆಯಿಂದ ನಮ್ಮ ಮನೆಗೆ ಮೀನು ಬರುವುದು ನಿಂತಿತು. ಬಾವಿಕಟ್ಟೆಯಲ್ಲಿ ಅಕ್ಕ, ಅಂದರೆ ಅವರ ಹೆಂಡತಿ, ಕೊಡ ತುಂಬಿಸಿಕೊಂಡು ಸುಮ್ಮನೆ ಹೋಗುತ್ತಿದ್ದರು. ನಾನು ಹೇಳಿದ್ದು ಸುಳ್ಳೆಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಮಾತಾದರೂ ಇರುತ್ತಿತ್ತು.

ಕಬ್ಬಿಣದ ಯಂತ್ರ ಸಿದ್ಧವಾದಾಗ ಹುಡುಗಿ ಮತ್ತೆ ಕರೆದಳು. ಭಾವ ಬರಲಾರರು ಎಂದುಕೊಂಡು ನಾನು ಒಬ್ಬಳೇ ಹೋದೆ. ಅವರು ನನಗಿಂತ ಮೊದಲೇ ಬಂದು ನಿಂತಿದ್ದರು.

ಕೆಂಪು ಹಿಡಿಕೆ ತೆಗೆದಿದ್ದರು. ಅದರ ಬದಲು ಉರುಳೆಯ ಮುಂದೆ, ಮೊಣಕಾಲಿನ ಎತ್ತರಕ್ಕೆ, ಅಗಲವಾದ ಒಂದು ಹಲಗೆ ಇತ್ತು. ದಾರ ಸುತ್ತಲು ಅದಕ್ಕೆ ತುದಿಯೇ ಇಲ್ಲ. ಹೂ ಕಟ್ಟಲು ಮೇಲೆ ಬೇರೆ ಕೊಕ್ಕೆ ಇಟ್ಟಿದ್ದರು.

"ಹೊರಗಿನವ್ರು ಓಡಿ ಬಂದು ನಿಲ್ಸೋದಲ್ಲ ಅಕ್ಕಾ," ಎಂದಳು ಹುಡುಗಿ, ಮೆಲ್ಲಗೆ. "ಕೈ ಸಿಕ್ಕವ್ನನ್ನ ಉರುಳೆ ಎಳಿತದಲ್ಲಾ, ಆಗ ಅವ್ನ ಕಾಲೇ ಬಂದು ಹಲಗೆಗೆ ತಾಗ್ತದೆ. ತಾಗಿದ್ರೆ ನಿಲ್ತದೆ."

ಯಂತ್ರ ಚಾಲೂ ಮಾಡಿದಳು. ಆ ಸದ್ದು ನಾನು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಭಾವ ಮುಂದೆ ಹೋಗಿ ಗಂಡ ನಿಲ್ಲುತ್ತಿದ್ದ ಹಾಗೆಯೇ ನಿಂತರು, ಎಡಗಾಲು ಮುಂದೆ, ಹೆಗಲು ಓರೆ. ಮೊಣಕಾಲು ತಾಗಿಸಿದರು. ಉರುಳೆ ನಿಂತಿತು. ಬಹಳ ಸುಲಭವಾಗಿ ನಿಂತಿತು.

ನನ್ನ ಕಡೆ ಅವರು ನೋಡಲಿಲ್ಲ.

"ಮತ್ತೆ ಚಾಲೂ ಮಾಡು," ಎಂದರು. ಅವಳು ಮಾಡಿದಳು. ಅವರು ಕಾಲು ತಾಗಿಸಿದರು, ನಿಂತಿತು. "ಮತ್ತೆ ಮಾಡು," ಎಂದರು. ಅವಳು ಪ್ರತಿ ಸಲವೂ ಚಾಲೂ ಮಾಡುತ್ತ ಹೋದಳು.